ಮಾಳಿಗಿ ಓಣಿಯ ಎಂಟು ಪದರ

"ಎಂಟು," ಎಂದ ಗಾದೆಪ್ಪ.

ಅರ್ಧ ಕೆಡವಿದ ಮಾಳಿಗೆಯ ಅಂಚಿನಲ್ಲಿ ಬೋರಲು ಮಲಗಿ, ತಲೆಯನ್ನು ಹೊರಗೆ ಚಾಚಿ, ಗೋಣಿಚೀಲ ಹೊಲಿಯುವ ದಬ್ಬಣದಿಂದ ಅವನು ಮಣ್ಣನ್ನು ಮುಟ್ಟಿ ಮುಟ್ಟಿ ಎಣಿಸುತ್ತಿದ್ದ. ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ ಕಾಣುತ್ತಿದ್ದ. ಕೆಳಗೆ ಓಣಿಯಲ್ಲಿ ಕೂಲಿಯವರು, ನೆರೆಯವರು, ಎಲ್ಲಿಗೋ ಹೊರಟು ಇಲ್ಲೇ ನಿಂತುಬಿಟ್ಟವರು ಕತ್ತೆತ್ತಿ ನೋಡುತ್ತಿದ್ದರು.

"ಇನ್ನೊಮ್ಮೆ ಎಣಸ್ರಿ," ಎಂದ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಮರಿಬಸಪ್ಪ. ಮನೆ ಅವನದು.

"ಮೂರು ಸಲ ಎಣಸೀನ್ರಿ ಸಾವ್ಕಾರ್ರ. ನಾಕನೇ ಸಲಕ್ಕ ಮಣ್ಣಿಗೂ ಬ್ಯಾಸರ ಬರತೈತಿ."

ಮೂರು ದಿನದ ಹಿಂದೆ, ಇದೇ ಮಾಳಿಗೆ ಕೆಡವುವಾಗ, ಕೂಲಿಯಾಳು ಹೊನ್ನೂರಮ್ಮನ ಬುಟ್ಟಿಗೆ ಬಿದ್ದ ಹೆಂಟೆಯೊಳಗಿಂದ ಬಟ್ಟೆಯಲ್ಲಿ ಸುತ್ತಿದ ಚಿನ್ನದ ಬೋರಮಾಳ ಸರ ಹೊರಬಿದ್ದಿತ್ತು. ಒಂಬತ್ತು ವರ್ಷದ ಹಿಂದೆ ಅವಳ ಗಂಡ ಕೆಂಚಣ್ಣ ಜೈಲಿಗೆ ಹೋದದ್ದು ಅದೇ ಸರದ ಕಳವಿಗೆ.

ಸರ ಮರಿಬಸಪ್ಪನ ತಂಗಿ ವಿರೂಪಮ್ಮನದು. ಆಕೆ ಈಗ ಕುರುಗೋಡಿನ ಸೊಸೆ. ಮಾಳಿಗೆಗೆ ಮಣ್ಣು ಹಾಕಲು ಬಂದ ಕೆಂಚಣ್ಣ ಹೋದಮೇಲೆಯೇ ಸರ ಕಾಣಲಿಲ್ಲ ಎಂದು ಅಂದು ಕೋರ್ಟಿನಲ್ಲಿ ತಲೆ ತಗ್ಗಿಸಿ ಹೇಳಿದವಳು ಆಕೆಯೇ. ಅದನ್ನೂ, ಕೆಂಚಣ್ಣನ ತಪ್ಪೊಪ್ಪಿಗೆಯನ್ನೂ ಮುದ್ದಾದ ಅಕ್ಷರದಲ್ಲಿ ಬರೆದುಕೊಂಡವನು ಆಗ ಠಾಣೆಯಲ್ಲಿ ರೈಟರಾಗಿದ್ದ ಗಾದೆಪ್ಪ. ಕೆಂಚಣ್ಣ ಬಾಯೇ ಬಿಟ್ಟಿರಲಿಲ್ಲ. ಇನ್ಸ್‌ಪೆಕ್ಟರು ಹೇಳಿದರು, ಗಾದೆಪ್ಪ ಬರೆದ, ಕೆಂಚಣ್ಣ ಹೆಬ್ಬೆಟ್ಟು ಒತ್ತಿದ. ರೈಟರು ಬರೆದದ್ದೆಲ್ಲ ರೈಟೆಂದು ಕೋರ್ಟು ಒಪ್ಪಿತು.

ಆ ಹೆಬ್ಬೆಟ್ಟಿನ ಮಸಿ ಗಾದೆಪ್ಪನ ಮನಸ್ಸಿನಿಂದ ಒರೆಸಿ ಹೋಗಲಿಲ್ಲ. ಕೆಲಸ ಬಿಟ್ಟು ಕೋರ್ಟಿನ ಎದುರು ಅರ್ಜಿ ಬರೆಯುತ್ತ ಕುಳಿತ. ಜೊತೆಗೆ ಪತ್ತೆ ಕೆಲಸ. ಕಳೆದುಹೋದ ಎತ್ತು, ಕಳೆದುಹೋದ ಅಳಿಯ, ಎರಡನ್ನೂ ಒಂದೇ ಆಸ್ಥೆಯಿಂದ ಹುಡುಕಿಕೊಡುತ್ತಿದ್ದ. ಹೆಸರು ಗಾದೆಪ್ಪನಾದರೂ ಅವನ ಬಾಯಿಂದ ಒಂದು ಗಾದೆ ಬಂದದ್ದನ್ನು ಬಳ್ಳಾರಿಯಲ್ಲಿ ಯಾರೂ ಕೇಳಿಲ್ಲ. ಬರುತ್ತಿದ್ದದ್ದು ಬೇರೆಯವರ ದನಿ. ಜಡ್ಜರ ಕೆಮ್ಮು, ಪ್ಲೀಡರ ಗುಡುಗು, ಕಕ್ಷಿದಾರನ ನರಳಿಕೆ ಮೂರನ್ನೂ ಒಬ್ಬನೇ ಮಾಡಿ ಕೇಸು ಹೇಗೆ ಬೀಳುತ್ತದೆಂದು ಮುಂಚೆಯೇ ತೋರಿಸಿಬಿಡುತ್ತಿದ್ದ.

ಹೊನ್ನೂರಮ್ಮ ಅವನಲ್ಲಿಗೆ ಬಂದು ಕೇಳಿದ್ದು ಒಂದೇ ಮಾತು. ತನ್ನ ಗಂಡ ಊರಿಗೆ ಬರಬೇಕು. ಜೈಲಿನಿಂದ ಬಿಟ್ಟ ದಿನ ನೆಟ್ಟಗೆ ಸಿರುಗುಪ್ಪಕ್ಕೆ ಹೋದ ಕೆಂಚಣ್ಣ, ಕಳ್ಳನೆಂಬ ಹೆಸರು ಇರುವ ತನಕ ಬಳ್ಳಾರಿಯಲ್ಲಿ ಕಾಲಿಡುವುದಿಲ್ಲ ಎಂದಿದ್ದ. ಅಲ್ಲಿ ಗದ್ದೆ ಕೆಲಸ ಮಾಡುತ್ತಿದ್ದ. ಇವಳು ಇಲ್ಲಿ ಮಣ್ಣು ಹೊರುತ್ತಿದ್ದಳು. ಉಗಾದಿಗೊಮ್ಮೆ, ದಸರೆಗೊಮ್ಮೆ ಇವಳೇ ಹೋಗಿ ಎರಡು ದಿನ ಇದ್ದು ಬರುವುದು. ಜೈಲಿನ ಒಂದು ವರ್ಷ ಬಿಟ್ಟು ಉಳಿದ ಎಂಟು ವರ್ಷದಲ್ಲಿ ಸಂಸಾರ ಮಾಡಿದ್ದು ಹದಿನಾರು ಸಲ ಎಂದು ಅವಳು ಬೆರಳು ಮಡಿಸಿ ಲೆಕ್ಕ ಕೊಟ್ಟಾಗ, ಗಾದೆಪ್ಪನಿಗೆ ಯಾರ ದನಿಯನ್ನೂ ಅಣಕಿಸಲು ಆಗಿರಲಿಲ್ಲ.

ಈಗ ಆ ಲೆಕ್ಕಕ್ಕೆ ಉತ್ತರ ಈ ಮಣ್ಣಿನಲ್ಲಿತ್ತು.

ಬಳ್ಳಾರಿ ಸೀಮೆಯ ಹಳೆಯ ಮಾಳಿಗೆಗೆ ಹೆಂಚಿಲ್ಲ, ಗಾರೆಯಿಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ನೀರು ಇಳಿಯಗೊಡದ ಬಿಳಿ ಚೌಳು ಮಣ್ಣು. ವರ್ಷಕ್ಕೊಂದು ಸಲ, ಮೃಗಶಿರಾ ಮಳೆಗೆ ಮುಂಚೆ, ಹೊಸದಾಗಿ ಒಂದು ಪದರ ಹಾಕಿ ತುಳಿದು ಬಡಿಯಬೇಕು. ಎರಡು ಪದರಗಳ ನಡುವೆ ಆ ವರ್ಷದ ಧೂಳು, ಹೊಗೆ, ಒಣಗಿದ ಹುಲ್ಲು ಸೇರಿ ಕಪ್ಪು ಗೆರೆಯೊಂದು ಉಳಿಯುತ್ತದೆ. ಕಡಿದ ಅಂಚಿನಲ್ಲಿ ಆ ಪದರಗಳು ಮಡಿಸಿ ಪೇರಿಸಿಟ್ಟ ಕೌದಿಗಳ ಹಾಗೆ ಕಾಣುತ್ತಿದ್ದವು. ಸರದ ಗಂಟು ಕುಳಿತಿದ್ದ ಗೂಡು ಹಾಗೇ ಉಳಿದಿತ್ತು. ಅದರ ಮೇಲೆ ಎಂಟು ಕೌದಿ.

ಗಾದೆಪ್ಪ ಎದ್ದು ಅಂಗಿ ಕೊಡವಿಕೊಂಡು ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದ. ಮೇಲಿನದು ಕಳೆದ ವರ್ಷದ್ದು, ಐವತ್ತೊಂದರದ್ದು. ಅಲ್ಲಿಂದ ಕೆಳಗೆ ಎಂಟನೆಯದು ನಲವತ್ತನಾಲ್ಕರದ್ದು. ಗಂಟು ಅದರ ಅಡಿಯಲ್ಲಿದೆ, ನಲವತ್ಮೂರರ ಪದರದ ಮೇಲೆ. ಕೆಂಚಣ್ಣ ನಲವತ್ಮೂರರ ಮಣ್ಣು ಹಾಕಿದ ಮರುದಿನವೇ ಅವನನ್ನು ಹಿಡಿದೊಯ್ದರು. ನಲವತ್ತನಾಲ್ಕರ ಮಣ್ಣು ಬೀಳುವಾಗ ಅವನು ಜೈಲಿನಲ್ಲಿದ್ದ.

"ಜೈಲಿನಾಗ ಕುಂತು ಮಾಳಿಗಿ ಮ್ಯಾಲ ಗಂಟು ಇಡಬೇಕಂದ್ರ ಅಂವ ಕೆಂಚಣ್ಣ ಅಲ್ಲ, ಆಂಜನೇಯ ಆಗಿರಬೇಕು," ಎಂದ.

ಕೆಳಗಿದ್ದವರು ನಕ್ಕರು. ಮಾಳಿಗೆಯ ಮೇಲೆ ಅವನ ಹಿಂದೆ ನಿಂತಿದ್ದ ಹೊನ್ನೂರಮ್ಮ ನಗಲಿಲ್ಲ. ಖಾಲಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಆ ಗೂಡನ್ನೇ ನೋಡುತ್ತಿದ್ದಳು. ನಿನ್ನೆ ಸಂಜೆ ಗಾದೆಪ್ಪ ಮೊದಲ ಸಲ ಎಣಿಸಿದಾಗಲೇ ಅವಳು ಬಸ್ ನಿಲ್ದಾಣಕ್ಕೆ ಓಡಿ, ಸಿರುಗುಪ್ಪ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದ್ದಳು. ಹೆಸರು ತೊಳೆದು ಹೋಯಿತು, ಬಾ ಎಂದು.

ಸಂಜೆಯೊಳಗೆ ಎಲ್ಲವನ್ನೂ ಕಾಗದಕ್ಕಿಳಿಸಬೇಕಿತ್ತು. ಕೆಡವುವ ಗುತ್ತಿಗೆ ಹಿಡಿದ ಆದೋನಿಯ ಎರ್ರಣ್ಣ ಮೇಸ್ತ್ರಿಗೆ ಮರಿಬಸಪ್ಪ ಅಲ್ಲಿಯ ತನಕ ಮಾತ್ರ ತಡೆಯಲು ಹೇಳಿದ್ದ. ಎರ್ರಣ್ಣ ಏಣಿಯ ಬುಡದಲ್ಲಿ ಚಡಪಡಿಸುತ್ತಿದ್ದ.

"ಮಣ್ಣು ಎಣಸೋದು ಏಮಿ ಉದ್ಯೋಗಮಯ್ಯಾ, ಪಡಗೊಡಿತೇ ಐಪೋತುಂದಿ ಕದಾ," ಎಂದು ಮೇಲಿನಿಂದ ಎರ್ರಣ್ಣನದೇ ಮೂಗಿನ ದನಿ ಕೇಳಿತು. ಕೆಳಗಿದ್ದ ನಿಜವಾದ ಎರ್ರಣ್ಣ ಬಾಯಿ ತೆರೆದವನು ಮುಚ್ಚಿದ. ಕೆಡವಿದರೆ ಮುಗಿದೇ ಹೋಯಿತಲ್ಲ ಎಂಬ ಅವನ ದಿನದ ವೇದಾಂತವನ್ನು ಗಾದೆಪ್ಪ ಅವನಿಗಿಂತ ಮೊದಲೇ ನುಡಿದುಬಿಟ್ಟಿದ್ದ. ಆಗ ಹೊನ್ನೂರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅದಕ್ಕಾಗಿಯೇ ಅವನು ಅಣಕಿಸಿದ್ದು.

ಕಾಗದ ತೆಗೆಯುವ ಮೊದಲು ಗಾದೆಪ್ಪ ಒಮ್ಮೆ ಸುತ್ತ ನೋಡಿದ. ಬಿಸಿಲಿಗೆ ಕೋಟೆಯ ಗುಡ್ಡ ಕಾದ ಹೆಂಚಿನಂತಿತ್ತು. ಹತ್ತು ವರ್ಷದ ಹಿಂದೆ ಇಲ್ಲಿಂದ ನೋಡಿದರೆ ಓಣಿಯ ಇಪ್ಪತ್ತೆರಡು ಮನೆಗೂ ಒಂದೇ ಮಾಳಿಗೆ. ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆಗಳು. ಈ ತುದಿಯಲ್ಲಿ ಹತ್ತಿದವರು ಆ ತುದಿಯಲ್ಲಿ ಇಳಿಯಬಹುದಿತ್ತು. ಒಬ್ಬರ ಸಂಡಿಗೆ ಮೂರು ಮನೆಯ ಮೇಲೆ ಒಣಗುತ್ತಿತ್ತು, ಐದು ಮನೆಯವರು ತಿನ್ನುತ್ತಿದ್ದರು. ಸಂಡೂರು ಕಡೆಯ ಮ್ಯಾಂಗನೀಸು ಅದಿರಿಗೆ ಬೆಲೆ ಬಂದದ್ದೇ ತಡ, ಓಣಿಯ ಗೋಡೆಗಳು ಅದುರತೊಡಗಿದವು. ಈಗ ಏಳು ಬಂಗಲೆ ಎದ್ದಿದ್ದವು. ಸಿಮೆಂಟಿನ ತಾರಸಿ, ಬಣ್ಣದ ಗಾಜು, ಹಣೆಯ ಮೇಲೆ ಇಸವಿ. ಒಬ್ಬ ಬಾಗಿಲಿಗೆ ಎರಡು ಸಿಂಹ ಕೂರಿಸಿದರೆ ಪಕ್ಕದವನು ಹಟಕ್ಕೆ ನಾಲ್ಕು ಕೂರಿಸಿದ್ದ. ಮಾಳಿಗಿ ಓಣಿಯಲ್ಲಿ ಮಾಳಿಗೆಗಳೇ ತೀರುತ್ತ ಬಂದಿದ್ದವು.

ಮರಿಬಸಪ್ಪನ ಮನೆಯ ಅರ್ಧ ಬಿದ್ದಮೇಲೆ, ಪಕ್ಕದ ಮನೆಗೂ ಇದಕ್ಕೂ ನಡುವಿದ್ದ ಗೋಡೆ ಓಣಿಗೆ ತೆರೆದುಕೊಂಡಿತ್ತು. ಅದರಲ್ಲೊಂದು ದೀಪದ ಗೂಡು, ಅದರ ಮೇಲೆ ಹೊಗೆ ಬರೆದ ಕಪ್ಪು ನಾಲಿಗೆ, ಮಗುವೊಂದರ ಎತ್ತರ ಅಳೆದ ಐದಾರು ಗೀಟು. ಗಾದೆಪ್ಪ ಅತ್ತ ಬಹಳ ಹೊತ್ತು ನೋಡಲಿಲ್ಲ. ಯಾರದೋ ಮನೆಯೊಳಗೆ ಹೇಳದೆ ನುಗ್ಗಿದಂತಾಗುತ್ತಿತ್ತು.

ಪ್ರತಿ ವರ್ಷ ತಪ್ಪದೆ ಮಣ್ಣು ಹಾಕಿಸಿದ್ದು ಹೌದೆಂದು ಮನೆಯ ಹಿರಿಯರ ಒಂದು ಮಾತು ಕಾಗದದಲ್ಲಿದ್ದರೆ ಮುಗಿಯಿತು. ಅದೊಂದು ಕಟ್ಟುನಿಟ್ಟು ರೈಟರ್ ಕೆಲಸದಿಂದ ಅವನಿಗೆ ಅಂಟಿತ್ತು. ಮರಿಬಸಪ್ಪನ ತಾಯಿ ಅಕ್ಕನಾಗಮ್ಮ ಇನ್ನೂ ನಿಂತಿದ್ದ ಅರ್ಧ ಮನೆಯಲ್ಲೇ ಇದ್ದಳು. ಅಡಿಗೆಮನೆ ಬೀಳುವ ತನಕ ತಾನು ಏಳುವುದಿಲ್ಲ ಎಂದು ಮಗನಿಗೆ ಹೇಳಿಬಿಟ್ಟಿದ್ದಳು. ಬಾಡಿಗೆ ಮನೆಗೆ ಹೋದ ಸೊಸೆ ಮೂರು ದಿನದಿಂದ ಊಟ ಕಳಿಸುತ್ತಿದ್ದಳು. ಕರೆದದ್ದಕ್ಕೆ ಅಕ್ಕನಾಗಮ್ಮ ಮೊಳಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಅಂಚಿನ ಹತ್ತಿರ ಕುಳಿತು, ಬೆರಳಿನಿಂದ ಒಂದೊಂದೇ ಪದರ ಮುಟ್ಟಿದಳು. ಬಹಳ ಹೊತ್ತು ಮುಟ್ಟಿದಳು.

"ಪದರ ಎಂಟು ಖರೆ, ಗಾದೆಪ್ಪ. ಆದ್ರ ವರ್ಷ ಒಂಬತ್ತು," ಎಂದಳು.

ಗಾದೆಪ್ಪನ ಪೆನ್ನು ನಿಂತಿತು.

"ಇವರಪ್ಪ ತೀರಿಕೊಂಡ ವರ್ಷ ಮಣ್ಣು ಹಾಕಿಲ್ಲ. ನಲವತ್ತಾರು. ಆ ವರ್ಷ ಮನಿ ಯಜಮಾನನ ಮ್ಯಾಲ ಮಣ್ಣು ಹಾಕಿದ್ವಿ. ಅದ ವರ್ಷ ಮನಿ ಮ್ಯಾಲ ಹ್ಯಾಂಗ ಹಾಕೋದು? ನಮ್ಮ ಮನ್ಯಾಗ ಹಂಗ ನಡಕೊಂಡು ಬಂದೈತಿ. ಹನ್ನೊಂದು ಕಡೆ ಸೋರತಿತ್ತು. ಗಂಗಾಳ ಇಡಾಕ ಬಂದ ಸೊಸಿಗೆ ನಾನ ಬ್ಯಾಡಂದೆ. ಸೋರಲಿ, ಮನಿನೂ ಅಳಲಿ ಅಂದೆ."

ಗಾದೆಪ್ಪ ಮತ್ತೆ ಬೋರಲಾದ. ಮೇಲಿನಿಂದ ಐದನೆಯ ಪದರಕ್ಕೂ ಆರನೆಯದಕ್ಕೂ ನಡುವಿನ ಗೆರೆ ಉಳಿದವುಗಳ ಎರಡರಷ್ಟು ದಪ್ಪವಿತ್ತು. ಅದರಲ್ಲಿ ಹುಲ್ಲಿನ ಬೇರಿನ ಒಣಗಿದ ಜಾಲ. ಎರಡು ಮಳೆಗಾಲ ಕಂಡ ಗೆರೆ. ಕಣ್ಣೆದುರೇ ಇತ್ತು. ಗಾದೆಪ್ಪನ ಸ್ವಂತ ಮನೆಯಲ್ಲಿ ಸಾವಿನ ವರ್ಷವೂ ಮಣ್ಣು ಬೀಳುತ್ತಿತ್ತು. ಎಲ್ಲರ ಮನೆಯಲ್ಲೂ ಹಾಗೇ ಎಂದು ನಂಬಿಕೊಂಡು ಎಣಿಸಿದ್ದ.

ಹಾಗಾದರೆ ಎಂಟನೆಯ ಪದರ ನಲವತ್ಮೂರರದು. ಕೆಂಚಣ್ಣನೇ ಹಾಕಿ, ತುಳಿದು, ಬಡಿದದ್ದು. ಗಂಟು ಇದ್ದದ್ದು ಅದರ ಅಡಿಯಲ್ಲಿ.

ಅಕ್ಕನಾಗಮ್ಮನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಸುಳ್ಳಿಗೆ ಸಹಿ ಹಾಕಲು ತನ್ನಿಂದಾಗದು, ಅಷ್ಟೇ ಎಂದಳು. ಹೊನ್ನೂರಮ್ಮನ ಕಡೆ ಒಮ್ಮೆ ನೋಡಿ, ಸಾವಕಾಶ ಮೆಟ್ಟಿಲಿಳಿದು ತನ್ನ ಅಡಿಗೆಮನೆಗೆ ಹೋದಳು. ಮರಿಬಸಪ್ಪನೂ ದನಿ ಏರಿಸಲಿಲ್ಲ. ಆದದ್ದಾಯಿತು, ಎರ್ರಣ್ಣನಿಗೆ ಹೇಳಲೇ ಎಂದು ಮಾತ್ರ ಕೇಳಿದ. ಗಾದೆಪ್ಪ ಒಂದು ತಾಸು ಬೇಡಿದ. ಏತಕ್ಕೆ ಎಂದು ಅವನಿಗೂ ತಿಳಿದಿರಲಿಲ್ಲ.

ಆಗ ಹೊನ್ನೂರಮ್ಮ ಓಣಿಯ ತುದಿಗೆ ಕಣ್ಣಿಟ್ಟದ್ದನ್ನು ಅವನು ಕಂಡ.

ಕಂಬಳಿ ಹೆಗಲಿಗೆ ಹಾಕಿದ ಒಬ್ಬ ಮನುಷ್ಯ ನಾಲ್ಕು ಸಿಂಹದ ಬಂಗಲೆಯ ಮುಂದೆ ನಿಂತಿದ್ದ. ಮುಂದೆ ಬಂದ, ಹಿಂದಕ್ಕೆ ಹೋದ, ಪಕ್ಕದ ಸಂದಿ ಇಣುಕಿದ, ತಿರುಗಿ ಬಂದು ಮತ್ತೆ ಸಿಂಹಗಳನ್ನು ನೋಡಿದ. ಓಣಿಯ ಎಲ್ಲ ಮಾಳಿಗೆಗೂ ಮಣ್ಣು ಹಾಕಿದವನು; ಒಂದೊಂದು ಮನೆಯನ್ನೂ ಅದರ ತಲೆಯಿಂದ ಗುರುತಿಸುತ್ತಿದ್ದವನಿಗೆ ಒಂದೂ ಗುರುತು ಸಿಗುತ್ತಿರಲಿಲ್ಲ. ಎಂಟು ವರ್ಷ ಬರಲೊಲ್ಲೆ ಎಂದವನು ಬಂದಿದ್ದ, ಬಂದ ಓಣಿಯೇ ಅಲ್ಲಿರಲಿಲ್ಲ.

"ಕರೀಲೇನ್ರಿ?" ಎಂದು ಕೇಳಿದಳು ಹೊನ್ನೂರಮ್ಮ. ದನಿ ಬಹಳ ಸಣ್ಣದಾಗಿತ್ತು. "ಕರದು ಏನಂತ ಹೇಳಲಿ?"

ಅವಳು ಕೇಳುತ್ತಿರುವಾಗಲೇ ಆ ಮನುಷ್ಯ ತಲೆಯೆತ್ತಿ ನೋಡಿದ. ಅ‌ಷ್ಟೂ ಬಂಗಲೆಗಳ ನಡುವೆ ಅರ್ಧ ಉಳಿದ ಬಿಳಿ ಮಾಳಿಗೆಯೊಂದು ಕಂಡಿತು. ಅದರ ಅಂಚಿನಲ್ಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ಕಂಡಳು. ಅವನು ನೆಟ್ಟಗೆ ನಡೆದು ಬಂದ.

ಏಣಿಯ ಮೇಲಿನ ಮೆಟ್ಟಿಲಲ್ಲಿ ಕೆಂಚಣ್ಣ ಚಪ್ಪಲಿ ಬಿಟ್ಟ. ಕೆಡವುತ್ತಿರುವ ಮಾಳಿಗೆಯ ಮೇಲೆ ಎಲ್ಲರೂ ಬೂಟು, ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದರು. ಅವನಿಗೆ ಮಾತ್ರ ಅದು ಸಾಧ್ಯವಾಗಲಿಲ್ಲ. ಹೆಂಡತಿಯನ್ನು ನೋಡಿ ಏನೋ ಹೇಳಬೇಕೆಂದವನು, ಕಡಿದ ಅಂಚನ್ನು ಕಂಡು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಮೇಲಿನ ಪದರವನ್ನು ಉಗುರಿನಿಂದ ಕೆರೆದು, ಬೂದಿ ಕಮ್ಮಿ ಹಾಕಿದ್ದಾರೆ, ಯಾರು ಬಡಿದದ್ದು ಎಂದು ಕೇಳಿದ.

ಲೆಕ್ಕದ ಸುದ್ದಿಯನ್ನು ಹೊನ್ನೂರಮ್ಮನೇ ಹೇಳಿದಳು. ಸುತ್ತಿ ಬಳಸಲಿಲ್ಲ. ನಿನ್ನೆಯ ಲೆಕ್ಕ ತಪ್ಪಾಗಿದೆ, ಗಂಟು ಅವನ ಪದರದ ಅಡಿಯಲ್ಲೇ ಇತ್ತು ಎಂದಳು.

"ನೀ ಇಟ್ಟೇನು?"

"ಇಲ್ಲ."

"ಮತ್ತ?"

"ನನಗೇನ್ ಗೊತ್ತು? ತಡಿ, ಮಣ್ಣನ್ನ ಕೇಳೂಣು."

ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ. ಎಂಟನೆಯ ಪದರವನ್ನು ಅಂಗೈಯಿಂದ ಸವರಿದ. ಹೌದು, ಇದು ತನ್ನದೇ ಎಂದ. ತಾನು ಸಣ್ಣ ಹೊಟ್ಟು ಬೆರೆಸುತ್ತಿದ್ದೆ, ನೋಡಿ ಎಂದು ಗಾದೆಪ್ಪನಿಗೆ ತೋರಿಸಿದ. ತನ್ನನ್ನು ಜೈಲಿಗೆ ಕಳಿಸಿದ ಹೇಳಿಕೆ ಬರೆದವನೆದುರು ತನ್ನ ವಿರುದ್ಧದ ಸಾಕ್ಷಿಯನ್ನು ಇಷ್ಟು ಹೆಮ್ಮೆಯಿಂದ ತೋರಿಸುವವರನ್ನು ಗಾದೆಪ್ಪ ಹಿಂದೆಂದೂ ಕಂಡಿರಲಿಲ್ಲ.

ಆಮೇಲೆ ಕೆಂಚಣ್ಣ ಗಂಟಿನ ಗೂಡಿಗೆ ಬೆರಳು ಹಾಕಿದ. ಒಳಕ್ಕೆ ಒತ್ತಿದ. ಬೆರಳು ಹೋಯಿತು. ಇನ್ನೂ ಹೋಯಿತು.

"ಸಾಹೇಬ್ರ, ನೀವು ಇದನ್ನ ಮ್ಯಾಲಿಂದ ಕೆಳಗ ಎಣಸೀರಿ. ಆಜೂಬಾಜೂ ನೋಡೀರೇನು?"

ನೋಡಿರಲಿಲ್ಲ. ಕಾಗದದವರು ಏನನ್ನಾದರೂ ಓದುವುದು ಮೇಲಿನಿಂದ ಕೆಳಕ್ಕೆ. ಕೆಂಚಣ್ಣ ಗೂಡಿನಿಂದ ಹೊರತೆಗೆದ ಬೆರಳಿನ ತುದಿಯಲ್ಲಿ ಬಿಳಿ ಚೌಳಿರಲಿಲ್ಲ. ಸಗಣಿ ಬೆರೆಸಿದ ಕೆಮ್ಮಣ್ಣಿತ್ತು. ಗೂಡಿನ ಬೆನ್ನಿಗೆ ಮುಷ್ಟಿ ಹಿಡಿಸುವಷ್ಟು ಸಣ್ಣ ಸುರಂಗ, ಅದನ್ನು ಆ ಕೆಮ್ಮಣ್ಣಿನಿಂದ ತುಂಬಲಾಗಿತ್ತು. ಅದು ಅಡ್ಡಡ್ಡ ಹೋಗಿ ಒಂದೂವರೆ ಗೇಣು ಆಚೆಗಿದ್ದ ಬೆಳಕಿಂಡಿಗೆ ಸೇರುತ್ತಿತ್ತು. ಅಡಿಗೆಮನೆಯ ಹೊಗೆ ಹೋಗಲಿ, ಬೆಳಕು ಬರಲಿ ಎಂದು ಮಾಳಿಗೆಯಲ್ಲಿ ಬಿಟ್ಟ ಒಂದು ಮೊಳದ ಕಿಂಡಿ ಅದು.

ಗಂಟನ್ನು ಮೇಲಿನಿಂದ ಇಟ್ಟಿರಲಿಲ್ಲ. ಬೆಳಕಿಂಡಿಯ ಪಕ್ಕದಿಂದ ಕೊರೆದು ಒಳಕ್ಕೆ ತಳ್ಳಿದ್ದರು. ಮೇಲೆ ಎಷ್ಟು ಪದರವಿದ್ದರೇನು, ಆ ಎಣಿಕೆಗೆ ಅರ್ಥವೇ ಇರಲಿಲ್ಲ.

ಕೆಂಚಣ್ಣ ಕಿಂಡಿಯೊಳಗೆ ತಲೆ ತೂರಿಸಿ, ಗೋಡೆಗೆ ಹತ್ತಿದ ಮಸಿಯನ್ನು ಬಾಯಿಂದ ಊದಿದ. ಕೆಮ್ಮಣ್ಣಿನ ತೇಪೆಯ ಮೇಲೆ ಐದು ಬೆರಳು ಎಳೆದ ಗುರುತು ಅಚ್ಚೊತ್ತಿ ನಿಂತಿತ್ತು.

"ಇದು ಮಾಳಿಗಿ ಬಡಿಯೋ ಕೈ ಅಲ್ರಿ. ಒಲಿ ಸಾರಸೋ ಕೈ. ಮ್ಯಾಲಿಂದ ಬಗ್ಗಿ ಸಾರಿಸಿದ್ರ ಬೆರಳ ತುದಿ ಕೆಳಗ ಇರಬೇಕಿತ್ತು. ತುದಿ ಮ್ಯಾಲ ಅದಾವ ನೋಡ್ರಿ. ಒಳಗ ಅಟ್ಟದ ಮ್ಯಾಲ ನಿಂತು ಮುಚ್ಚ್ಯಾರ." ತಲೆ ಹೊರತೆಗೆದು ಮರಿಬಸಪ್ಪನ ಕಡೆ ತಿರುಗಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. "ಧಣ್ಯಾರ, ನಿಮ್ಮ ಅಡಿಗಿ ಮನಿ ಒಳಗ ನಮ್ಮನ್ನ ಯಾವತ್ತಾರ ಬಿಟ್ಟಿದ್ರೇನು?"

ಮರಿಬಸಪ್ಪ ಕೊಡೆ ಮಡಿಸಿದ. ಬಿಸಿಲು ಅವನ ಮುಖಕ್ಕೆ ನೇರವಾಗಿ ಹೊಡೆಯಿತು.

ಗಾದೆಪ್ಪ ಒಂದೇ ಉಸಿರಿಗೆ ಮೆಟ್ಟಿಲಿಳಿದ. ಅಡಿಗೆಮನೆಯ ಹೊಸ್ತಿಲಲ್ಲಿ ತಡೆದು ನಿಂತ. ಆರಿದ ಒಲೆಯ ಮುಂದೆ ಕುಳಿತಿದ್ದ ಅಕ್ಕನಾಗಮ್ಮ, ಮೂರು ದಿನದಿಂದ ಬೆಂಕಿ ಕಾಣದ ಮನೆಗೆ ಇನ್ನೆಲ್ಲಿಯ ಮಡಿ, ಬಾ ಎಂದಳು. ಅವನು ಅಟ್ಟ ಹತ್ತಿದ. ಇಂಟರ್‌ಮೀಡಿಯೆಟ್ ಓದುವಾಗ ಕಟ್ಟಿಗೆಯಂತಿದ್ದವನು ಈಗ ಕುರ್ಚಿಯಲ್ಲಿ ಕುಳಿತು ಬೆಳೆದಿದ್ದ. ಅಟ್ಟದ ಹಲಗೆ ನರಳಿತು. ಬೆಳಕಿಂಡಿಯಲ್ಲಿ ಕೆಂಚಣ್ಣ, ಹೊನ್ನೂರಮ್ಮ ಇಬ್ಬರ ತಲೆಗಳೂ ಬಗ್ಗಿ ನೋಡುತ್ತಿದ್ದವು.

ಗಾದೆಪ್ಪ ಬಲಗೈಯೆತ್ತಿ ಗುರುತಿನ ಮೇಲಿಟ್ಟ. ಬೆರಳು ನಾಲ್ಕೂ ಕುಳಿತವು. ಹೆಬ್ಬೆರಳು ಮಾತ್ರ ಎಡಕ್ಕೆ ಉಳಿಯಿತು. ಗುರುತಿನ ಹೆಬ್ಬೆರಳು ಬಲಕ್ಕಿತ್ತು.

ಎಡಗೈ ಇಟ್ಟ. ಗುರುತು ಅವನ ಕೈಗಿಂತ ಚಿಕ್ಕದು. ಆದರೆ ಐದೂ ಬೆರಳು ಹೊಂದಿದವು.

"ಎಡಗೈ," ಎಂದ, ಯಾರಿಗೆಂದಿಲ್ಲದೆ.

ಕೆಳಗೆ ಏನೋ ಸರಿದ ಸದ್ದು. ಅಕ್ಕನಾಗಮ್ಮ ಎದ್ದು ನಿಂತಿದ್ದಳು. ಬೆಳಕಿಂಡಿಯ ಬಿಸಿಲು ಬೀಳುವ ಜಾಗಕ್ಕೆ ಬಂದು, ಮೇಲೆ ನೋಡಿ, ಸೆರಗಿನ ಎರಡೂ ತುದಿ ಹಿಡಿದು ಒಡ್ಡಿದಳು. ಗಾದೆಪ್ಪ ತನಗೇ ಎಂದುಕೊಂಡ. ಅಲ್ಲ. ಅವಳು ನೋಡುತ್ತಿದ್ದದ್ದು ಅವನ ತಲೆಯ ಮೇಲಿಂದ, ಕಿಂಡಿಯ ಕಡೆ.

"ಯವ್ವಾ ಹೊನ್ನೂರಮ್ಮ," ಎಂದಳು. ಈ ಮನೆಯಲ್ಲಿ ಇದುವರೆಗೆ ಅವಳು ಹೊನ್ನೂರಿ ಮಾತ್ರ. "ಅದು ನನ್ನ ಮಗಳ ಕೈ. ವಿರೂಪಿ ಕೈ. ಎಡಗೈಲೆ ಒಲಿ ಸಾರಸಬ್ಯಾಡ ಅಂತ ಎಷ್ಟು ಬಡದೀನೋ ಲೆಕ್ಕಿಲ್ಲ. ಯಾಕ ಮಾಡಿದ್ಲೋ ನನಗ ಗೊತ್ತಿಲ್ಲ, ಲಿಂಗದಾಣಿ ಗೊತ್ತಿಲ್ಲ. ಕುರುಗೋಡಿನಾಗ ಅತ್ತಿ, ಮಾವ, ಎರಡು ಮಕ್ಕಳು ಅದಾವ. ನಿನ್ನ ಗಂಡ ಕದ್ದಿಲ್ಲ ಅಂತ ಊರಿಗೆಲ್ಲ ನಾನ ಹೇಳತೀನಿ. ಆಕಿ ಹೆಸರು ಮಾತ್ರ ಬರಸಬ್ಯಾಡ."

ಒಡ್ಡಿದ ಸೆರಗಿನೊಳಗೆ ಬಿಸಿಲು ತುಂಬಿಕೊಂಡಿತ್ತು.

ಹೊನ್ನೂರಮ್ಮ ಕಿಂಡಿಗೆ ಇನ್ನಷ್ಟು ಬಗ್ಗಿದಳು. ಅವಳ ಹಣೆಯ ಮೇಲಿನ ಚೌಳು ಮಣ್ಣು ಬೆವರಿಗೆ ಕರಗಿ ಒಂದು ಹನಿ ಕೆಳಗಿನ ಒಲೆಯ ಮೇಲೆ ಬಿತ್ತು.

"ಸೆರಗು ಎತ್ಕೋರಿ ಅವ್ವಾರ," ಎಂದಳು. "ನಿಮ್ಮನ್ನ ಹಂಗ ನೋಡಾಕ ನನಗಾಗಂಗಿಲ್ಲ. ಆದ್ರ ಊರಿಗೆ ಹೇಳಿದ್ರ ಆಗಂಗಿಲ್ರಿ. ಊರು ಮರೀತೈತಿ, ಕಾಗದ ಮರೆಯಂಗಿಲ್ಲ. ನನ್ನ ಗಂಡನ ಹೆಸರು ಕಾಗದದಾಗ ಐತಿ. ಅದನ್ನ ಅಳಿಸಬೇಕಂದ್ರ ಖರೇ ಹೆಸರು ಬರೀಬೇಕು." ಆಮೇಲೆ ಗಾದೆಪ್ಪನಿಗೆ, ಅಷ್ಟೇ ಮೆಲ್ಲಗೆ: "ಬರೀರಿ ಸಾಹೇಬ್ರ."

ಗಾದೆಪ್ಪ ಅಟ್ಟದ ಮೇಲೆ ಮೊಳಕಾಲೂರಿ ಕುಳಿತು ಕಾಗದ ಬಿಡಿಸಿದ. ಒಂಬತ್ತು ವರ್ಷದ ಹಿಂದೆ ಹೇಳದ ಮಾತನ್ನು ಬರೆದ ಕೈ ಅದು. ಇಂದು ಹೇಳಿದ ಮಾತನ್ನೇ ಬರೆಯಬೇಕಿತ್ತು. ಕೆಳಗೆ ಒಬ್ಬ ತಾಯಿ ನಿಂತಿದ್ದಳು, ಮೇಲೆ ಒಬ್ಬ ಹೆಂಡತಿ. ಯಾರ ದನಿಯನ್ನಾದರೂ ಎರವಲು ತರಬಲ್ಲವನಿಗೆ ಆ ಹೊತ್ತಿಗೆ ತನ್ನದೇ ದನಿ ಸಿಗಲಿಲ್ಲ. ಪೆನ್ನಿನ ಟೋಪಿ ತೆಗೆದು, ಕುರುಗೋಡಿನ, ಎಂದು ಒಂದು ಪದ ಬರೆದ.

ಬೆಳಕಿಂಡಿಯಿಂದ ತೋಳೊಂದು ಇಳಿದು ಬಂತು. ಕೆಮ್ಮಣ್ಣು ಮೆತ್ತಿದ ಅಂಗೈ ಅವನು ಬರೆದ ಪದವನ್ನು ಪೂರ್ತಿ ಮುಚ್ಚಿತು.

"ಬರೀಬ್ಯಾಡ್ರಿ," ಎಂದ ಕೆಂಚಣ್ಣ.

ಗಾದೆಪ್ಪ ತಲೆಯೆತ್ತಿದ. ತುಸು ಹೊತ್ತಿನ ಮುಂಚೆ ಮಣ್ಣಿನ ಗುಟ್ಟನ್ನು ಒಂದೊಂದಾಗಿ ಬಿಚ್ಚಿ ಹಿಗ್ಗಿದ್ದ ಮುಖ ಅದಾಗಿರಲಿಲ್ಲ. ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಕಳವು ನನ್ನ ಹೆಸರಿನ್ಯಾಗ ಇರಲಿ. ಮೊದಲ ಹ್ಯಾಂಗ ಬರದಿದ್ರೋ ಹಂಗ ಇರಲಿ. ನಾ ಸಂಜಿ ಬಸ್ಸಿಗೆ ಸಿರುಗುಪ್ಪಕ್ಕ ಹೋಗತೀನಿ."

ಹೊನ್ನೂರಮ್ಮ ಗಂಡನ ಕಡೆ ತಿರುಗಿದಳು. ಅವರಿಬ್ಬರ ಮುಖಗಳ ನಡುವೆ ಒಂದು ಗೇಣಿತ್ತು.

"ಯಾಕ?" ಎಂದಳು.

ಕೆಂಚಣ್ಣ ಕಾಗದದ ಮೇಲಿಂದ ಕೈ ತೆಗೆಯಲಿಲ್ಲ. ಹೆಂಡತಿಯ ಕಡೆ ನೋಡಲೂ ಇಲ್ಲ.

"ಯಾಕ ಅಂತ ನನ್ನ ಮಾರಿ ನೋಡಿ ಹೇಳು," ಎಂದಳು ಹೊನ್ನೂರಮ್ಮ. "ಆಕಿ ಹೆಸರು ಬಂದ ಕೂಡಲೇ, ಯಾಕ? ಆಕಿಗೂ ನಿನಗೂ ಏನಿತ್ತು?"